ಕಂಪ್ಯೂಟರ್ ಹ್ಯಾಕ್ ಆದಂತಿದೆ, ಅಮ್ಮನ ಹಾಡುಗಳು ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡಿಸಲಾ?

ತುಂಗಾತೀರ
ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ನಾನು ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಸ್ಮರಣ ಸಂಚಿಕೆ, ಇಂಥವು. ಹೋದ ಬುಧವಾರ ಅರ್ಜೆಂಟಾಗಿ ಒಂದು ಡಿಸೈನ್ ಸಾಫ್ಟ್‌ವೇರ್ ಬೇಕಾಗಿತ್ತು. ಯೂಟ್ಯೂಬ್ ವಿಡಿಯೋ ಒಂದರ ಕೆಳಗೆ "ಫುಲ್ ವರ್ಷನ್ ಫ್ರೀ" ಅಂತ ಲಿಂಕ್ ಇತ್ತು. ಒಂದು ಜಿಪ್ ಫೈಲು, ಅದನ್ನು ತೆರೆಯಲು ಒಂದು ಪಾಸ್‌ವರ್ಡು, ಜೊತೆಗೆ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಸೂಚನೆ. ಹಾಗೇ ಮಾಡಿದೆ. ಸೆಟಪ್ ಒತ್ತಿದಾಗ ಕಪ್ಪು ಪರದೆಯೊಂದು ಬಂದು ಹೋಯಿತು. ಸಾಫ್ಟ್‌ವೇರ್ ಬರಲೇ ಇಲ್ಲ.

ಶುಕ್ರವಾರ ಅಕ್ಕನ ಮಗಳು ಫೋನ್ ಮಾಡಿ "ಚಿಕ್ಕಮ್ಮಾ, ಇನ್‌ಸ್ಟಾಗ್ರಾಂನಲ್ಲಿ ಬಿಟ್‌ಕಾಯಿನ್ ಬಗ್ಗೆ ಏನೇನೋ ಹಾಕಿದ್ದೀಯಲ್ಲ" ಅಂದಳು. ನೋಡಿದರೆ ನನ್ನ ಹೆಸರಲ್ಲಿ ಹಣ ಡಬಲ್ ಮಾಡಿಕೊಡುವ ಪೋಸ್ಟ್. ಜಿಮೇಲ್‌ಗೂ "ಹೊಸ ಸಾಧನದಿಂದ ಸೈನ್ ಇನ್" ಅಂತ ಬಂದಿತ್ತು. ಕೂಡಲೇ ಅದೇ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಾಯಿಸಿದೆ. ಶನಿವಾರ ಮತ್ತೆ ಅದೇ ಥರ ಮೇಲ್ ಬಂತು.

ದುಡ್ಡು ಹೋಗಿಲ್ಲ. ಆದರೆ ಡಿ ಡ್ರೈವಿನಲ್ಲಿ ಅಪ್ಪನ ಜಮೀನಿನ ಕ್ರಯಪತ್ರ, ಎಲ್ಲರ ಆಧಾರ್ ಸ್ಕ್ಯಾನ್ ಇವೆ. ಅದಕ್ಕಿಂತ ಹೆಚ್ಚಾಗಿ ಅಮ್ಮ ಹೇಳಿದ ಹಸೆ ಹಾಡು, ಆರತಿ ಹಾಡುಗಳ 43 ರೆಕಾರ್ಡಿಂಗ್ ಇವೆ. ಅಮ್ಮ 2021ರಲ್ಲಿ ಹೋದರು. ಆ ಹಾಡುಗಳು ಬೇರೆಲ್ಲೂ ಇಲ್ಲ.

ಅಂಗಡಿಯವರು 500 ರೂಪಾಯಿಗೆ ಫಾರ್ಮ್ಯಾಟ್ ಮಾಡಿಕೊಡುತ್ತೇನೆ, ನಾಳೆ ತನ್ನಿ ಅಂದಿದ್ದಾರೆ. ಒಯ್ಯಲಾ?

ಉಣಕಲ್ ಕೆರೆ

ಒಯ್ಯಬೇಡಿ! ಮೊದಲು ನೆಟ್ ತೆಗೆಯಿರಿ. ಕೇಬಲ್ ಇದ್ದರೆ ಕಿತ್ತು ಬಿಡಿ, ವೈಫೈ ಆದರೆ ಆಫ್ ಮಾಡಿ.

ಅಡಿಕೆ ತೋಟ

ಫಾರ್ಮ್ಯಾಟ್ ಮಾಡಿಸಿ, ಎಲ್ಲ ಸರಿ ಹೋಗುತ್ತದೆ. ನಮ್ಮ ಮನೆಯಲ್ಲಿ ವೈರಸ್ ಬಂದಾಗಲೆಲ್ಲ ಅದನ್ನೇ ಮಾಡುವುದು. ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಕೀಲಿಮಣೆ

@ಅಡಿಕೆ ತೋಟ, ಸರ್, ಅದು ಹತ್ತು ವರ್ಷದ ಹಿಂದಿನ ವೈರಸ್ಸಿಗೆ ಸರಿ. ಇದು ಬೇರೆ ಜಾತಿ.

ತುಂಗಾತೀರ ಅವರೇ, ನೀವು ಹೇಳಿದ್ದು ಓದಿದರೆ ಇದು ಇನ್ಫೋಸ್ಟೀಲರ್, ಅಂದರೆ ಮಾಹಿತಿ ಕದಿಯುವ ತಂತ್ರಾಂಶ, ಅನ್ನುವ ಥರದ್ದು ಅನಿಸುತ್ತದೆ. ರೆಡ್‌ಲೈನ್, ಲುಮ್ಮಾ, ವಿಡಾರ್ ಅಂತ ಹಲವು ಇವೆ. 2024ರ ಅಕ್ಟೋಬರಿನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ರೆಡ್‌ಲೈನ್‌ನ ಸರ್ವರ್‌ಗಳನ್ನು ಹಿಡಿದರು. 2025ರ ಮೇನಲ್ಲಿ ಮೈಕ್ರೋಸಾಫ್ಟ್ ಮತ್ತು ಇತರರು ಲುಮ್ಮಾ ಮೇಲೆ ಬಿದ್ದರು. ಆದರೂ ಈ ದಂಧೆ ನಿಂತಿಲ್ಲ. ಜಿಪ್‌ಗೆ ಪಾಸ್‌ವರ್ಡ್ ಯಾಕೆ ಹಾಕುತ್ತಾರೆ ಗೊತ್ತಾ? ಬೀಗ ಹಾಕಿದ ಡಬ್ಬಿಯೊಳಗೆ ಏನಿದೆ ಅಂತ ಆಂಟಿವೈರಸ್‌ಗೆ ಕಾಣಬಾರದು ಅಂತ.

ಇದು ಓಡಿದ ಕೆಲವೇ ನಿಮಿಷಗಳಲ್ಲಿ ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್, ಕುಕೀಸ್, ಡೆಸ್ಕ್‌ಟಾಪ್‌ನಲ್ಲಿರುವ ಕೆಲವು ಫೈಲು ಎಲ್ಲವನ್ನೂ ಕಟ್ಟಿಕೊಂಡು ಕಳಿಸಿಬಿಡುತ್ತದೆ. ಎಷ್ಟೋ ಸಲ ಕೆಲಸ ಮುಗಿಸಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹಾಗಾಗಿ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ. ನಾಳೆ ಫಾರ್ಮ್ಯಾಟ್ ಮಾಡಿದರೂ ಹೋದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ. ಅದಕ್ಕೇ ಮೊದಲ ಕೆಲಸ ಕಂಪ್ಯೂಟರಿನದ್ದಲ್ಲ, ಮೇಲ್‌ನದ್ದು.

ಮನೆಯವರ ಒಳ್ಳೆ ಫೋನ್ ಯಾವುದಾದರೂ ಇದೆಯಾ?

ತುಂಗಾತೀರ

ನೆಟ್ ತೆಗೆದೆ. ನಮ್ಮ ಯಜಮಾನರ ಫೋನ್ ಇದೆ. ಕುಕೀಸ್ ಅಂದರೆ ಏನು? ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಅವರು ಹೇಗೆ ಬಂದರು, ಅದೇ ಅರ್ಥ ಆಗಲಿಲ್ಲ.

ಕೀಲಿಮಣೆ

ನೀವು ಒಂದು ಸಲ ಲಾಗಿನ್ ಆದ ಮೇಲೆ ದಿನಾ ಪಾಸ್‌ವರ್ಡ್ ಕೇಳುವುದಿಲ್ಲ ಅಲ್ವಾ? ಯಾಕೆಂದರೆ ಬ್ರೌಸರ್ ಒಂದು ಗುರುತಿನ ಚೀಟಿ ಇಟ್ಟುಕೊಂಡಿರುತ್ತದೆ. ಅದೇ ಕುಕಿ. ಕಳ್ಳ ಆ ಚೀಟಿಯನ್ನೇ ಒಯ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಬಾಗಿಲ ಬೀಗ ಬದಲಾಯಿಸಿದ್ದೀರಿ, ಆದರೆ ಅವನು ಆಗಲೇ ಅಟ್ಟ ಹತ್ತಿ ಕೂತಿದ್ದಾನೆ. ಅದೂ ಅಲ್ಲದೆ ಹೊಸ ಪಾಸ್‌ವರ್ಡನ್ನು ಅದೇ ಕಂಪ್ಯೂಟರಿನಲ್ಲಿ ಹೊಡೆದಿದ್ದೀರಿ. ಕಳ್ಳ ತಂತ್ರಾಂಶ ಇನ್ನೂ ಒಳಗಿದ್ದರೆ ಅದೂ ಹೋಗಿರಬಹುದು.

ಈಗಲೇ ಯಜಮಾನರ ಫೋನಿನಿಂದ ಜಿಮೇಲ್‌ಗೆ ಹೋಗಿ ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ಸೆಕ್ಯುರಿಟಿ ಪುಟದಲ್ಲಿ "ನಿಮ್ಮ ಸಾಧನಗಳು" ತೆರೆದು ಗೊತ್ತಿಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಿ. ಆ ಹಾಳಾದ ಕಂಪ್ಯೂಟರನ್ನೂ ಸೈನ್ ಔಟ್ ಮಾಡಿ. ರಿಕವರಿ ಫೋನ್ ನಂಬರ್, ರಿಕವರಿ ಮೇಲ್ ನಿಮ್ಮದೇ ಇದೆಯಾ ನೋಡಿ. ಜಿಮೇಲ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡುವುದನ್ನು ಮರೆಯಬೇಡಿ. ಬ್ಯಾಂಕಿನ ಮೇಲ್ ಬಂದ ಕೂಡಲೇ ಕಸದಬುಟ್ಟಿಗೆ ಹೋಗುವಂತೆ ಫಿಲ್ಟರ್ ಹಾಕಿಟ್ಟ ಪ್ರಕರಣಗಳಿವೆ. ಕೊನೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವುದು) ಆನ್ ಮಾಡಿ.

ಮೇಲ್ ಭದ್ರವಾದ ಮೇಲೆ ಇನ್‌ಸ್ಟಾಗ್ರಾಂ, ಬ್ಯಾಂಕು, ಉಳಿದದ್ದು. ಮೇಲ್ ಅವರ ಕೈಯಲ್ಲಿದ್ದರೆ ಉಳಿದದ್ದು ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನ ಇಲ್ಲ.

ಡಬ್ಲಿನ್ ಕನ್ನಡಿಗ

ಒಂದು ತಿದ್ದುಪಡಿ. ಗೂಗಲ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದರೆ ಬಹುತೇಕ ಕಡೆ ತಾನಾಗಿಯೇ ಸೈನ್ ಔಟ್ ಆಗುತ್ತದೆ. ಎಲ್ಲ ಕಡೆ ಅಲ್ಲ. ನೀವು ಅನುಮತಿ ಕೊಟ್ಟಿರುವ ಬೇರೆ ಆ್ಯಪ್‌ಗಳು ಉಳಿದುಕೊಳ್ಳಬಹುದು, ಅವನ್ನೂ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ಕೂಡ ನೋಡಿ. ನಮ್ಮ ಭಾವ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ವಾಟ್ಸ್ಆ್ಯಪ್ ವೆಬ್ ತೆರೆದು ಹಾಗೇ ಬಿಟ್ಟು ಬಂದಿದ್ದರು. ಎರಡು ವಾರ ಅವರ ಮೆಸೇಜುಗಳೆಲ್ಲ ಆ ಅಂಗಡಿಯ ಪರದೆ ಮೇಲೆ ಬರುತ್ತಿದ್ದವು.

ಹೊಸಬ 2024

ಇನ್‌ಸ್ಟಾಗ್ರಾಂ ವಾಪಸ್ ತರಿಸುವವರು ನನಗೆ ಗೊತ್ತು. ಎಥಿಕಲ್ ಹ್ಯಾಕರ್. 2,000 ಕೊಟ್ಟರೆ ಒಂದೇ ದಿನದಲ್ಲಿ ಮಾಡುತ್ತಾರೆ, ನಂಬರ್ ಬೇಕಾದರೆ ಹೇಳಿ.

ಉಣಕಲ್ ಕೆರೆ

ಬೇಡವೇ ಬೇಡ. ಇದು ಎರಡನೇ ಕಳ್ಳತನ. ದುಡ್ಡು ತಗೊಂಡು ಓಟಿಪಿ ಕೇಳುತ್ತಾರೆ, ಆಮೇಲೆ ಉಳಿದಿದ್ದೂ ಹೋಗುತ್ತದೆ. ಇನ್‌ಸ್ಟಾಗ್ರಾಂನದ್ದೇ ಪುಟ ಇದೆ, ಇನ್‌ಸ್ಟಾಗ್ರಾಂ ಡಾಟ್ ಕಾಮ್ ಸ್ಲ್ಯಾಷ್ ಹ್ಯಾಕ್ಡ್. ಮುಖದ ವಿಡಿಯೋ ಕೇಳಬಹುದು. ಪುಕ್ಕಟೆ.

ಹೊಸಬ 2024

ನನ್ನ ಸ್ನೇಹಿತನಿಗೆ ನಿಜವಾಗಿಯೂ ಮಾಡಿಕೊಟ್ಟಿದ್ದಾರೆ ರೀ. ಸಹಾಯ ಆಗಲಿ ಅಂತ ಹೇಳಿದೆ ಅಷ್ಟೇ.

ಕೀಲಿಮಣೆ

ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವರೂ ಕೊನೆಗೆ ಅದೇ ಪುಕ್ಕಟೆ ಫಾರ್ಮ್ ತುಂಬುತ್ತಾರೆ, ಇಲ್ಲವಾದರೆ ಇನ್ನೂ ಕೆಟ್ಟದ್ದು ಮಾಡುತ್ತಾರೆ. ಹೆದರಿದವರ ಮುಂದೆ ಇಂಥ ನಂಬರ್ ಇಡಬೇಡಿ ದಯವಿಟ್ಟು.

ಅರಳಿಕಟ್ಟೆ

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಎರಡು ಮಾತು ಹೇಳುತ್ತೇನೆ ತಂಗಿ.

ಮೊದಲನೆಯದು, ಬ್ಯಾಂಕಿಗೆ ಇವತ್ತೇ ತಿಳಿಸು, ದುಡ್ಡು ಹೋಗದಿದ್ದರೂ ಸರಿ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಸೇವ್ ಮಾಡಿದ್ದರೆ ನೆಟ್ ಬ್ಯಾಂಕಿಂಗನ್ನೇ ನಿಲ್ಲಿಸಲು ಹೇಳು. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ನಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿದ್ದರೆ, ಮಾಹಿತಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ತಡವಾದಷ್ಟೂ ನಮ್ಮ ಪಾಲು ಜಾಸ್ತಿ. ನಮ್ಮ ಅಜಾಗರೂಕತೆಯೇ ಕಾರಣ ಅಂತಾದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದೇ. ಅದಕ್ಕೇ ಕಾಯಬಾರದು ಅನ್ನುವುದು. ಹಣ ಹೋದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಎರಡನೆಯದು ಯಾರೂ ಹೇಳಲಿಲ್ಲ. ಕ್ರಯಪತ್ರದ ಸ್ಕ್ಯಾನ್ ಇದೆ ಅಂದೆಯಲ್ಲ. ಅದರಲ್ಲಿ ಅಪ್ಪನ ಹೆಬ್ಬೆಟ್ಟಿನ ಗುರುತು ಇರುತ್ತದೆ. ಪಕ್ಕದಲ್ಲೇ ಆಧಾರ್ ಪ್ರತಿ. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಹಳ್ಳಿಯ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಓಟಿಪಿ ಇಲ್ಲದೆ ಹಣ ತೆಗೆಯಬಹುದು. ನಕಲಿ ಬೆರಳಚ್ಚು ಮಾಡಿ ಹಾಗೆ ತೆಗೆದ ಪ್ರಕರಣಗಳು ಆಗಿವೆ. ಆದ್ದರಿಂದ ಮನೆಯವರೆಲ್ಲರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸು. ಆಧಾರ್ ತಾಣದಲ್ಲಿ, ಆಧಾರ್‌ನದ್ದೇ ಆ್ಯಪ್‌ನಲ್ಲಿ ಆಗುತ್ತದೆ. ಪಡಿತರ ತರಲು ಬೆರಳು ಕೊಡುವವರು ಅಂಗಡಿಗೆ ಹೋಗುವಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕಾಗುತ್ತದೆ, ಅಷ್ಟು ತೊಂದರೆ ಇದ್ದೇ ಇದೆ.

ತುಂಗಾತೀರ

ಅಣ್ಣಾ, ಇದು ಹೊಳೆದೇ ಇರಲಿಲ್ಲ. ಅಪ್ಪನಿಗೆ 78. ಅವರ ಪಿಂಚಣಿ ಅದೇ ಖಾತೆಗೆ ಬರುವುದು. ಈಗಲೇ ಮಾಡುತ್ತೇನೆ.

ಜಿಮೇಲ್ ನೋಡಿದೆ. ಗೊತ್ತಿಲ್ಲದ ಎರಡು ಸಾಧನ ಇದ್ದವು. ತೆಗೆದೆ. ಕೈ ನಡುಗುತ್ತಿದೆ.

ಅಡಿಕೆ ತೋಟ

ಸರಿ, ನಾನು ಹೇಳಿದ್ದು ಅರ್ಧ ತಪ್ಪು ಒಪ್ಪಿಕೊಳ್ಳುತ್ತೇನೆ. ಆದರೆ ಫಾರ್ಮ್ಯಾಟ್ ಬೇಕೇ ಬೇಕು ಅಲ್ವಾ? ಬರೀ ಸ್ಕ್ಯಾನ್ ಮಾಡಿ ಅದೇ ಕಂಪ್ಯೂಟರ್ ಬಳಸಿ ಅಂತ ಯಾರಾದರೂ ಹೇಳುತ್ತೀರಾ?

ಕೀಲಿಮಣೆ

ಇಲ್ಲ, ಅದರಲ್ಲಿ ನಿಮ್ಮದು ಸರಿ. ವಿಂಡೋಸ್ ಹೊಸದಾಗಿ ಹಾಕಲೇಬೇಕು. ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದೆ, ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಸಾಧನಗಳಿವೆ. ಆದರೆ ಒಮ್ಮೆ ಆಂಟಿವೈರಸ್ ಆಫ್ ಮಾಡಿ ಒಳಗೆ ಬಿಟ್ಟುಕೊಂಡ ಮೇಲೆ ಏನೇನು ಬದಲಾಯಿಸಿದ್ದಾರೆ ಅಂತ ಹೇಳಲು ಆಗುವುದಿಲ್ಲ. ಕ್ರಮ ಮಾತ್ರ ಹೀಗಿರಲಿ. ಮೊದಲು ಖಾತೆ, ಆಮೇಲೆ ಫೈಲು ಹೊರಗೆ ತೆಗೆಯುವುದು, ಕೊನೆಗೆ ಫಾರ್ಮ್ಯಾಟ್.

ಬೆಣ್ಣೆದೋಸೆ

ಫೈಲು ಹೊರಗೆ ತೆಗೆಯದೆ ಯಾರ ಕೈಗೂ ಕಂಪ್ಯೂಟರ್ ಕೊಡಬೇಡಿ ಮೇಡಂ. ನನ್ನ ಕಥೆ ಹೇಳುತ್ತೇನೆ.

ದಾವಣಗೆರೆಯಲ್ಲಿ ನಮ್ಮದು ಚಿಕ್ಕ ಫೋಟೋ ಸ್ಟುಡಿಯೋ. 2020ರಲ್ಲಿ ಕ್ರ್ಯಾಕ್ ಆದ (ಲೈಸೆನ್ಸ್ ಬೀಗ ಮುರಿದ) ಎಡಿಟಿಂಗ್ ಸಾಫ್ಟ್‌ವೇರ್ ಹಾಕಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಫೋಟೋಗಳ ಹೆಸರಿನ ಕೊನೆಗೆ ಏನೋ ವಿಚಿತ್ರ ಅಕ್ಷರ ಸೇರಿತ್ತು, ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ಪತ್ರ. 980 ಡಾಲರ್ ಕೊಡು, 72 ಗಂಟೆಯೊಳಗೆ ಆದರೆ 490. ಆರು ಮದುವೆಯ ಫೋಟೋ ಅದರಲ್ಲಿತ್ತು. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್‌ಡಿಸ್ಕ್ ಸದಾ ಕಂಪ್ಯೂಟರಿಗೇ ಚುಚ್ಚಿರುತ್ತಿತ್ತು. ಅದೂ ಹೋಯಿತು. ಮದುಮಗಳ ಅಪ್ಪ ಅಂಗಡಿಗೆ ಬಂದು ಏನೂ ಮಾತಾಡದೆ ಕೂತಿದ್ದು ಈಗಲೂ ಕಣ್ಣಮುಂದೆ ಇದೆ.

ದುಡ್ಡು ಕೊಡಲಿಲ್ಲ. ಅದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅಂತ ಆಮೇಲೆ ತಿಳಿಯಿತು. ಎಮ್ಸಿಸಾಫ್ಟ್ ಕಂಪನಿಯವರು 2019ರಲ್ಲೇ ಅದಕ್ಕೆ ಉಚಿತ ಡಿಕ್ರಿಪ್ಟರ್ (ಆ ಬೀಗ ತೆಗೆಯುವ ಸಾಧನ) ಬಿಟ್ಟಿದ್ದಾರೆ. ನಮ್ಮ ಕಂಪ್ಯೂಟರಿಗೆ ಆ ಹೊತ್ತು ನೆಟ್ ಇಲ್ಲದ್ದರಿಂದ ಅದು ಆಫ್‌ಲೈನ್ ಕೀ (ಹಲವರ ಕಂಪ್ಯೂಟರಿಗೆ ಒಂದೇ ಆಗಿರುವ ಕೀಲಿ) ಬಳಸಿತ್ತು. ಹಾಳಾದ ಡಿಸ್ಕನ್ನು ಅಳಿಸದೆ ಹಾಗೇ ಇಟ್ಟಿದ್ದೆ. ಕೆಲವು ತಿಂಗಳ ಮೇಲೆ ಆ ಕೀ ಸಿಕ್ಕಿತು, ಫೋಟೋ ತೆರೆದವು. ಫಾರ್ಮ್ಯಾಟ್ ಮಾಡಿಸಿದ್ದರೆ? ಎಲ್ಲರಿಗೂ ಹೀಗೆ ಅದೃಷ್ಟ ಇರುವುದಿಲ್ಲ. ಆನ್‌ಲೈನ್ ಕೀ (ಒಬ್ಬೊಬ್ಬರಿಗೆ ಬೇರೆ ಬೇರೆ) ಆಗಿದ್ದರೆ ಸಾಮಾನ್ಯವಾಗಿ ತೆರೆಯುವುದಿಲ್ಲ.

ಹೀಗೆ ಆದವರು ನೋ ಮೋರ್ ರ‍್ಯಾನ್ಸಮ್ ಅನ್ನುವ ತಾಣ ನೋಡಿ. ಯುರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ್ದು.

ಪೆಂಗ್ವಿನ್ ಪ್ರಿಯ

ವಿಂಡೋಸ್ ಬದಲು ಲಿನಕ್ಸ್ ಹಾಕಿ, ಈ ಕಾಟ ತುಂಬಾ ಕಡಿಮೆ.

ನುಡಿಗಾರ

@ಪೆಂಗ್ವಿನ್ ಪ್ರಿಯ, ಅವರು ಡಿಟಿಪಿ ಮಾಡುವವರು. ನಮ್ಮ ಕಡೆ ಎಷ್ಟೋ ಪ್ರೆಸ್‌ಗಳು ಇನ್ನೂ ನುಡಿ ಆಸ್ಕಿಯಲ್ಲೇ (ಹಳೇ ಥರದ ಕನ್ನಡ ಫಾಂಟಿನಲ್ಲಿ) ಫೈಲ್ ಕೇಳುತ್ತವೆ. ಯುನಿಕೋಡ್‌ನಲ್ಲಿ ಕೊಟ್ಟರೆ "ಅಕ್ಷರ ಒಡೆಯುತ್ತದೆ" ಅಂತ ವಾಪಸ್ ಕಳಿಸುತ್ತಾರೆ. ಲಿನಕ್ಸ್‌ನಲ್ಲಿ ಆ ಹಳೇ ಪೇಜ್‌ಮೇಕರ್ ಫೈಲು ಹೇಗೆ ತೆರೆಯುತ್ತೀರಿ?

ಪೆಂಗ್ವಿನ್ ಪ್ರಿಯ

ಒಪ್ಪುತ್ತೇನೆ, ಹಳೇ ಫೈಲಿಗೆ ಕಷ್ಟ. ಆದರೆ ಹೊಸ ಕೆಲಸವನ್ನಾದರೂ ಯುನಿಕೋಡ್‌ನಲ್ಲಿ ಮಾಡಿ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಲಗ್ನಪತ್ರಿಕೆ ಚೆನ್ನಾಗಿಯೇ ಆಗುತ್ತದೆ. ಪುಟ ಜೋಡಿಸುವ ಸ್ಕ್ರೈಬಸ್‌ನ ಈಗಿನ ಆವೃತ್ತಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪಿಡಿಎಫ್ ಮಾಡಿ ಕೊಟ್ಟರೆ ಪ್ರೆಸ್‌ನವರಿಗೂ ಫಾಂಟಿನ ತಕರಾರು ಇರುವುದಿಲ್ಲ. ಎರಡೂ ಉಚಿತ, ವಿಂಡೋಸ್‌ನಲ್ಲೂ ನಡೆಯುತ್ತವೆ.

ವಿಜಯನಗರ ವಾಸಿ

ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಕದ್ದ ಸಾಫ್ಟ್‌ವೇರ್ ಹಾಕಿದರೆ ಹೀಗೇ ಆಗುವುದು. ಆಮೇಲೆ ಅತ್ತು ಏನು ಪ್ರಯೋಜನ?

ತುಂಗಾತೀರ

ಸರ್, ತಪ್ಪು ನನ್ನದೇ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಲಗ್ನಪತ್ರಿಕೆ ಡಿಸೈನಿಗೆ ನನಗೆ 250 ರೂಪಾಯಿ ಸಿಗುತ್ತದೆ. ತಿಂಗಳು ತಿಂಗಳು ಸಾವಿರಗಟ್ಟಲೆ ಕಟ್ಟಿ ಸಾಫ್ಟ್‌ವೇರ್ ತಗೊಂಡರೆ ಉಳಿಯುವುದು ಏನು? ಉಚಿತವಾದ ಒಳ್ಳೆಯದೂ ಇದೆ ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಕಂಪ್ಯೂಟರ್ ಕಲಿಸಿದ ಸೆಂಟರ್‌ನಲ್ಲೇ ಕ್ರ್ಯಾಕ್ ಸೀಡಿ ಕೊಟ್ಟಿದ್ದರು.

ನುಡಿಗಾರ

ಇದು ನಿಜ. ನಮ್ಮೂರುಗಳಲ್ಲಿ ಡಿಟಿಪಿ ಕಲಿತವರಲ್ಲಿ ಎಷ್ಟೋ ಜನ ಹೀಗೇ ಕಲಿತದ್ದು. ಅವರನ್ನು ಬೈದು ಏನೂ ಆಗುವುದಿಲ್ಲ ವಿಜಯನಗರ ಸರ್, ಬೇರೆ ದಾರಿ ತೋರಿಸಬೇಕು.

ವಿಜಯನಗರ ವಾಸಿ

ಆಯ್ತು, ಮಾತು ಜೋರಾಯಿತು. ಕ್ಷಮಿಸಿ. ಸಿಟ್ಟು ನಿಮ್ಮ ಮೇಲಲ್ಲ. ನನ್ನ ತಮ್ಮನಿಗೂ ಹೀಗೇ ಆಗಿತ್ತು.

ಉಣಕಲ್ ಕೆರೆ

ಅಂಗಡಿಯ ಬಗ್ಗೆಯೂ ಹೇಳಬೇಕು. ಕೆಲವು ಕಡೆ 500ಕ್ಕೆ ಹಾಕಿಕೊಡುವ ವಿಂಡೋಸೇ ಕ್ರ್ಯಾಕ್ ಆಗಿರುತ್ತದೆ. ಆ್ಯಕ್ಟಿವೇಟ್ ಮಾಡುವ ಸಾಧನ ಡಿಫೆಂಡರ್‌ಗೆ "ಈ ಫೋಲ್ಡರ್ ನೋಡಬೇಡ" ಅಂತ ಹೇಳಿಟ್ಟಿರಬಹುದು. ಹುಲಿ ಬಾಯಿಂದ ತಪ್ಪಿಸಿಕೊಂಡು ಮೊಸಳೆ ಬಾಯಿಗೆ ಬಿದ್ದ ಹಾಗೆ. ಕಂಪ್ಯೂಟರ್ ಜೊತೆಗೇ ವಿಂಡೋಸ್ ಬಂದಿದ್ದರೆ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಮತ್ತೆ ದುಡ್ಡು ಬೇಡ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಡಬ್ಲಿನ್ ಕನ್ನಡಿಗ

ಯಾವ ವಿಂಡೋಸ್ ಇದೆ ಮೇಡಂ? 10 ಆದರೆ ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ನಿಂತಿದೆ. ಮನೆ ಬಳಕೆಯವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಬೇಕಾದರೆ ಬೇರೆ ನೋಂದಣಿ ಮಾಡಿಕೊಳ್ಳಬೇಕು. 2017ರಲ್ಲಿ ಲೋಕವೆಲ್ಲ ಹರಡಿದ ವಾನಾಕ್ರೈ ವೈರಸ್ ನೆನಪಿದೆಯಾ? ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ (ಆ ತೂತು ಮುಚ್ಚುವ ಅಪ್‌ಡೇಟ್) ಕೊಟ್ಟಿತ್ತು, ಮೇ ತಿಂಗಳಲ್ಲಿ ಸಿಕ್ಕಿಬಿದ್ದವರು ಅದನ್ನು ಹಾಕಿಕೊಳ್ಳದವರು.

ಬೆಣ್ಣೆದೋಸೆ

ವಾನಾಕ್ರೈ ಬೇರೆ ಕಥೆ, ಅದು ನೆಟ್‌ವರ್ಕ್‌ನಲ್ಲಿ ತಾನಾಗಿ ಹರಡಿದ್ದು. ಇವರ ವಿಷಯಕ್ಕೆ ಬನ್ನಿ. ಹಾಡು ಹೇಗೆ ಹೊರಗೆ ತೆಗೆಯಬೇಕು ಅಂತ ಯಾರೂ ಇನ್ನೂ ಸರಿಯಾಗಿ ಹೇಳಲಿಲ್ಲ.

ಪೆಂಗ್ವಿನ್ ಪ್ರಿಯ

ಇಲ್ಲಿ ನನ್ನ ಲಿನಕ್ಸ್ ಕೆಲಸಕ್ಕೆ ಬರುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಹಾಕಿ. ಅದನ್ನು ಚುಚ್ಚಿ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ, ಒಳಗಿನ ಕಳ್ಳನೂ ಏಳುವುದಿಲ್ಲ. ಡಿ ಡ್ರೈವ್ ತೆರೆಯಿರಿ, ಹೊಸ ಹಾರ್ಡ್‌ಡಿಸ್ಕ್‌ಗೆ ಹಾಡು, ಫೋಟೋ, ಪಿಡಿಎಫ್, ಡಿಟಿಪಿ ಫೈಲು ನಕಲು ಮಾಡಿ. ಸೆಟಪ್ ಫೈಲು, ಕ್ರ್ಯಾಕ್, ಹಳೇ ಸಾಫ್ಟ್‌ವೇರ್ ಫೋಲ್ಡರ್ ಒಂದನ್ನೂ ತಗೋಬೇಡಿ.

ಕೀಲಿಮಣೆ

ಇದೇ ಒಳ್ಳೆ ದಾರಿ. ಎರಡು ಡಿಸ್ಕ್‌ಗೆ ನಕಲು ಮಾಡಿ. ಮಾಡಿದ ಮೇಲೆ ಪ್ರತಿ ಹಾಡನ್ನೂ ಬೇರೆ ಕಡೆ ಹಾಕಿ ಕೇಳಿ, ಕೊನೆಯ ತನಕ. ಆಮೇಲಷ್ಟೇ ಫಾರ್ಮ್ಯಾಟ್. ಸಿ ಡ್ರೈವ್ ಒಂದನ್ನೇ ಅಳಿಸಿ ಡಿ ಬಿಡಬೇಡಿ, ಇನ್‌ಸ್ಟಾಲ್ ಮಾಡುವಾಗ ಎಲ್ಲ ಪಾರ್ಟಿಷನ್ (ಸಿ, ಡಿ ಥರದ ಡಿಸ್ಕಿನ ಭಾಗಗಳು) ಅಳಿಸಿ.

ಅಡಿಕೆ ತೋಟ

ಗೂಗಲ್ ಡ್ರೈವ್‌ನಲ್ಲಿ ಹಾಕಿದರೆ ಸಾಲದಾ? 15 ಜಿಬಿ ಉಚಿತ ಇದೆಯಲ್ಲ.

ಬೆಣ್ಣೆದೋಸೆ

ಹಾಕಿ, ಆದರೆ ಅದೊಂದೇ ಅಂತ ನಂಬಬೇಡಿ. ಕಂಪ್ಯೂಟರಿನ ಫೋಲ್ಡರ್ ಜೊತೆ ಸಿಂಕ್ ಆಗುತ್ತಿದ್ದರೆ ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ನಾನೀಗ ಮೂರು ಪ್ರತಿ ಇಡುತ್ತೇನೆ. ಒಂದು ಕಂಪ್ಯೂಟರಿನಲ್ಲಿ, ಒಂದು ಕಳಚಿಟ್ಟ ಡಿಸ್ಕ್‌ನಲ್ಲಿ, ಒಂದು ತಂಗಿಯ ಮನೆಯಲ್ಲಿ.

ಅರಳಿಕಟ್ಟೆ

ತಂಗಿ, ಪೊಲೀಸ್ ದೂರನ್ನೂ ಕೊಡು. ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆ ಇದೆ, ನಿನಗೆ ಶಿವಮೊಗ್ಗ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೂ ಹಾಕಬಹುದು. ನಾಳೆ ಯಾರೋ ಆ ಆಧಾರ್ ಪ್ರತಿ ಇಟ್ಟು ಸಾಲ ತೆಗೆದರೆ ಈ ದಿನಾಂಕದ ದೂರು ನಿನ್ನ ಕೈಯಲ್ಲಿರಬೇಕು. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡು. ಸಾಲದ ವರದಿಯನ್ನೂ ವರ್ಷಕ್ಕೊಂದು ಸಲ ಪ್ರತಿ ಕ್ರೆಡಿಟ್ ಸಂಸ್ಥೆ ಉಚಿತವಾಗಿ ಕೊಡಬೇಕು.

ತುಂಗಾತೀರ
ಗುರುವಾರ ಸಂಜೆ 6:15

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಅಕ್ಕನ ಮಗ ಶಿವಮೊಗ್ಗದಿಂದ ಲ್ಯಾಪ್‌ಟಾಪ್ ತಂದ. ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಡಿ ಡ್ರೈವ್ ತೆರೆದೆವು. 43 ಹಾಡೂ ಇದ್ದವು. ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿದೆವು. ಕೀಲಿಮಣೆ ಅವರು ಹೇಳಿದಂತೆ ಒಂದೊಂದನ್ನೂ ಕೊನೆಯ ತನಕ ಕೇಳಿದೆ. ಒಂದು ಹಾಡಿನ ಮಧ್ಯೆ ಅಮ್ಮ ನಿಲ್ಲಿಸಿ "ಹಾಲು ಉಕ್ಕತ್ತೆ ನೋಡೇ" ಅನ್ನುತ್ತಾರೆ. ಅದನ್ನು ಮರೆತೇ ಬಿಟ್ಟಿದ್ದೆ. ಅಪ್ಪನೂ ಪಕ್ಕದಲ್ಲಿ ಕೂತು ಕೇಳಿದರು.

ಅಪ್ಪನ ಆಧಾರ್ ಲಾಕ್ ಆಯಿತು. ದೂರು ಹಾಕಿದ್ದೇನೆ, ಸ್ವೀಕೃತಿ ಸಂಖ್ಯೆ ಬಂದಿದೆ. ಇನ್‌ಸ್ಟಾಗ್ರಾಂ ವಿಡಿಯೋ ಕೇಳಿತು, ಕಳಿಸಿದ್ದೇನೆ, ಇನ್ನೂ ಸಿಕ್ಕಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ್ದೇವೆ. ಇಂಕ್‌ಸ್ಕೇಪ್‌ನಲ್ಲಿ ಒಂದು ನಾಮಕರಣದ ಕಾರ್ಡು ಮಾಡಿದೆ. ಕೈ ಇನ್ನೂ ಹೊಂದಿಲ್ಲ, ಆದರೆ ಆಗುತ್ತದೆ ಅನಿಸಿತು.

ಒಂದು ಡಿಸ್ಕ್ ಅಕ್ಕನ ಮನೆಗೆ ಹೋಯಿತು. ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ.

ಬೆಣ್ಣೆದೋಸೆ

ಓದಿ ಕಣ್ಣು ತುಂಬಿ ಬಂತು ಮೇಡಂ.

ನುಡಿಗಾರ

ಹಾಡಿನ ಸಾಹಿತ್ಯ ಬರೆದಿಟ್ಟಿದ್ದೀರಾ? ಹಸೆ ಹಾಡುಗಳು ಊರಿಂದ ಊರಿಗೆ ಬೇರೆ. ಕೇಳಿ ಕೇಳಿ ಟೈಪ್ ಮಾಡಿ, ಈ ಸಲ ಯುನಿಕೋಡ್‌ನಲ್ಲಿ. ನಾನು ಬೇಕಾದರೆ ಕರಡು ತಿದ್ದಿಕೊಡುತ್ತೇನೆ.

ಅಡಿಕೆ ತೋಟ

ಬೀರುವಿನಲ್ಲಿ ಬಟ್ಟೆ ಸುತ್ತಿ ಇಡಬೇಡಿ ಮೇಡಂ. ನಾವೂ ಮಲೆನಾಡಿನವರೇ. ಜೂನ್ ಬಂದರೆ ಬೀರುವಿನ ಒಳಗೂ ಬೂಷ್ಟು ಹಿಡಿಯುತ್ತದೆ, ನಮ್ಮ ಹಳೇ ಕ್ಯಾಮೆರಾ ಹಾಗೇ ಹಾಳಾಯಿತು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಆರು ತಿಂಗಳಿಗೊಮ್ಮೆ ತೆಗೆದು ಹಾಡು ಹಾಕಿ ನೋಡಿ.

ತುಂಗಾತೀರ

ಹೌದಲ್ವಾ, ಮಳೆಗಾಲದ ಯೋಚನೆಯೇ ಬರಲಿಲ್ಲ. ಚಕ್ಕುಲಿ ಹಾಕಿಡುವ ಡಬ್ಬಿ ಒಂದಿದೆ, ಮುಚ್ಚಳ ಗಟ್ಟಿ ಕೂರುತ್ತದೆ. ತೊಳೆದು ಒಣಗಿಸಿ ಅದರಲ್ಲೇ ಇಡುತ್ತೇನೆ. @ನುಡಿಗಾರ, ಖಂಡಿತ ಕಳಿಸುತ್ತೇನೆ, ಮೊದಲ ಐದು ಹಾಡು ಈ ಭಾನುವಾರ ಶುರು ಮಾಡುತ್ತೇನೆ.